ಒಳಮುಖವಾಗಿ ಕೂತಿದ್ದ ನಾಲ್ಕು ಅಂಕಿ

ವಾಹನಗಳ ಅರ್ಹತೆ ಪರೀಕ್ಷಿಸುವ ಹಿರಿಯ ಅಧಿಕಾರಿಗಳೇ, ಬಗ್ಗಿ ನೋಡುವ ಅಭ್ಯಾಸವಿಲ್ಲದ ಮಾನ್ಯರೇ,

ನಗರ ಗ್ರಂಥಾಲಯದ ಪುಸ್ತಕದ ವ್ಯಾನಿಗೆ ತಾವು ‘ರಸ್ತೆಗೆ ಯೋಗ್ಯ’ ಎಂದು ಮೊಹರು ಹಾಕಿದ ಹನ್ನೊಂದನೆಯ ದಿನ ಅದರ ಮುಂದಿನ ಎಡಗಡೆಯ ಟೈರು ಸಿಡಿಯಿತು. ವ್ಯಾನು ಎಡಕ್ಕೆ ಎಳೆದುಕೊಂಡು ಹೋಗಿ ರಸ್ತೆಯ ಎಡಬದಿಯ ಕಾರ್ಖಾನೆಯ ಕಾಂಪೌಂಡ್ ಗೋಡೆಗೆ ಬಡಿಯಿತು. ಎಡಗಡೆಯ ಸೀಟಿನಲ್ಲಿ ಕೂತಿದ್ದ ಪುಸ್ತಕ ಕೊಡುವ ನೌಕರರು ಅಲ್ಲೇ ತೀರಿಕೊಂಡರು. ವ್ಯಾನು ಓಡಿಸುತ್ತಿದ್ದವಳು ನನ್ನ ಅಕ್ಕ. ಒಂದು ವರ್ಷ ಎರಡು ತಿಂಗಳು ವಿಚಾರಣೆ ನಡೆಸಿ ತಮ್ಮ ಇಲಾಖೆ ಕಳೆದ ವಾರ ಹೊರತಂದ ವರದಿಯಲ್ಲಿ ‘ಕಾರಣ’ ಎಂಬ ಜಾಗದಲ್ಲಿ ಎರಡೇ ಪದಗಳಿವೆ: ಚಾಲಕಿಯ ಅಜಾಗರೂಕತೆ. ಟೈರಿನ ಜಾಗದಲ್ಲೂ ಎರಡೇ ಪದ: ಸ್ಥಿತಿ ತೃಪ್ತಿಕರ. ಈ ನಾಲ್ಕು ಪದಗಳೂ ಸುಳ್ಳು ಎಂದು ಹೇಳಲು ಈ ಪತ್ರ ಬರೆಯುತ್ತಿದ್ದೇನೆ. ನಿನಗೆ ಹೇಗೆ ಗೊತ್ತು ಎಂದು ತಾವು ಕೇಳಬಹುದು. ಆ ಟೈರು ಹಾಕಿದವನು ನಾನು.

ಮೂವತ್ತೊಂದು ವರ್ಷದಿಂದ ನನ್ನದು ಟೈರು ಬಿಚ್ಚಿ ಹಾಕುವ ಕಸುಬು. ತಮಗೆ ತಿಳಿದಿರಲೇಬೇಕಾದ, ಆದರೆ ತಮ್ಮ ಪರೀಕ್ಷೆಯ ಪಟ್ಟಿಯಲ್ಲಿ ಎಲ್ಲಿಯೂ ಕಾಣದ ಒಂದು ಸಂಗತಿಯನ್ನು ಮೊದಲು ಅರಿಕೆ ಮಾಡಿಕೊಳ್ಳುತ್ತೇನೆ. ಟೈರು ಓಡಿಯೂ ಸಾಯುತ್ತದೆ, ನಿಂತೂ ಸಾಯುತ್ತದೆ. ಬಿಸಿಲು, ಗಾಳಿ, ಕಾಲ ಮೂರೂ ಸೇರಿ ರಬ್ಬರಿನ ಜೀವ ಹೀರುತ್ತವೆ. ಮೇಲೆ ಗ್ರಿಪ್ ನೋಡಿದರೆ ಹೊಸದರ ಹಾಗೆ ಕಾಣುತ್ತದೆ, ಒಳಗೆ ಪದರ ಬಿಟ್ಟುಕೊಂಡಿರುತ್ತದೆ. ತಿಳಿಯುವುದು ಹೇಗೆ? ಉಗುರಿನಿಂದ ಒತ್ತಿ ನೋಡಿ, ಗುರುತು ಮೂಡದೆ ಉಗುರು ಜಾರಿದರೆ ರಬ್ಬರು ಗಡುಸಾಗಿದೆ. ಗ್ರಿಪ್‌ನ ಸಾಲುಗಳ ತಳದಲ್ಲೋ ಟೈರಿನ ಪಕ್ಕೆಯಲ್ಲೋ ಒಡೆದ ಹಿಮ್ಮಡಿಯಂಥ ಬಿರುಕು ಕಂಡರೆ ಅನುಮಾನಿಸಿ. ಪಕ್ಕೆ ಒಂದು ಕಡೆ ಊದಿಕೊಂಡಿದ್ದರೆ, ಕಾರಣವಿಲ್ಲದೆ ಸ್ಟೀರಿಂಗ್ ನಡುಗುತ್ತಿದ್ದರೆ ಗಾಡಿ ನಿಲ್ಲಿಸಿ. ಇವೆಲ್ಲಕ್ಕಿಂತ ಸುಲಭದ ದಾರಿ ಇನ್ನೊಂದಿದೆ, ಓದುವುದು. ಟೈರಿನ ಪಕ್ಕೆಯಲ್ಲಿ ಮೊಟ್ಟೆಯಾಕಾರದ ಪುಟ್ಟ ಚೌಕಟ್ಟಿನೊಳಗೆ ನಾಲ್ಕು ಅಂಕಿಗಳಿರುತ್ತವೆ. ಮೊದಲೆರಡು ವಾರ, ಕೊನೆಯೆರಡು ಇಸವಿ. ಅದು ಆ ಟೈರು ಹುಟ್ಟಿದ ಹೊತ್ತು. ಆರು ವರ್ಷ ದಾಟಿದ ಮೇಲೆ ವರ್ಷಕ್ಕೊಮ್ಮೆ ತಿಳಿದವರಿಗೆ ತೋರಿಸಬೇಕು. ಹತ್ತು ತುಂಬಿದರೆ ಗ್ರಿಪ್ ಎಷ್ಟೇ ಇರಲಿ, ತೆಗೆದು ಬಿಸಾಡಬೇಕು. ಮುಟ್ಟದೆ ಇಟ್ಟ ಸ್ಟೆಪ್ನಿಗೂ ಇದೇ ಮಾತು ಅನ್ವಯ.

ಆದರೆ ಗ್ರಂಥಾಲಯದ ಕಡತದಲ್ಲಿ ಬೇರೆಯೇ ನಿಯಮವಿದೆ. ನಲವತ್ತು ಸಾವಿರ ಕಿಲೋಮೀಟರ್ ಓಡಿದ ಮೇಲೆಯೇ ಹೊಸ ಟೈರು. ಅದಕ್ಕೆ ಒಪ್ಪಿಗೆಯ ಸಹಿ ತಮ್ಮ ಕಚೇರಿಯದು. ಪುಸ್ತಕದ ವ್ಯಾನು ದಿನಕ್ಕೆ ಓಡುತ್ತಿದ್ದದ್ದು ಹನ್ನೆರಡು ಕಿಲೋಮೀಟರ್, ನಾಲ್ಕು ಬಡಾವಣೆ, ನಾಲ್ಕು ನಿಲುಗಡೆ, ಉಳಿದ ಹೊತ್ತೆಲ್ಲ ಬಿಸಿಲಲ್ಲಿ ನಿಂತಿರುವುದು. ತಮ್ಮ ನಿಯಮದ ಪ್ರಕಾರ ಆ ಟೈರುಗಳಿಗೆ ಇನ್ನೂ ಏಳು ವರ್ಷ ಆಯಸ್ಸಿತ್ತು. ನಿಯಮ ಟೈರಿಗೆ ತಿಳಿದಿರಲಿಲ್ಲ, ಪಾಪ, ಅದು ಓದು ಬರಹ ಕಲಿತದ್ದಲ್ಲ. ಅದೇ ಗ್ರಂಥಾಲಯ ಪುಸ್ತಕದ ವಿಷಯದಲ್ಲಿ ಎಷ್ಟು ಚುರುಕು ನೋಡಿ. ಹದಿನಾಲ್ಕು ದಿನ ಕಳೆದು ಹದಿನೈದನೆಯ ದಿನ ಪುಸ್ತಕ ಮರಳದಿದ್ದರೆ ಮನೆ ಬಾಗಿಲಿಗೆ ನೋಟೀಸು ಬರುತ್ತದೆ. ಒಂದು ಹಳೆಯ ಕಥೆಪುಸ್ತಕ ಒಂದು ದಿನ ತಡವಾದರೆ ಗಾಬರಿಯಾಗುವ ವ್ಯವಸ್ಥೆಗೆ, ಐದು ಸಾವಿರ ಪುಸ್ತಕ ಮತ್ತು ಎರಡು ಜೀವ ಹೊತ್ತ ಟೈರು ಹತ್ತು ವರ್ಷ ದಾಟಿದ್ದು ಏಕೆ ತಿಳಿಯಲಿಲ್ಲ?

ಪುಸ್ತಕಗಳಿಗೆ ಮರಳಿಸುವ ತಾರೀಕಿನ ಮುದ್ರೆ ಒತ್ತುತ್ತಿದ್ದವರೇ ತೀರಿಕೊಂಡದ್ದು. ಎಲ್ಲರೂ ಅವರನ್ನು ಮುದ್ರೆ ಮೇಷ್ಟ್ರು ಎಂದೇ ಕರೆಯುತ್ತಿದ್ದರು. ತೆಳ್ಳಗಿನ ಮನುಷ್ಯ, ಬಲಗೈಯ ಹೆಬ್ಬೆರಳಿನಲ್ಲಿ ನೇರಳೆ ಮಸಿಯ ಕಲೆ ಮಾಸಿದ್ದನ್ನು ಯಾರೂ ಕಂಡಿರಲಿಲ್ಲ. ಪ್ರತಿ ಓದುಗರಿಗೂ ಅವರು ಹೇಳುತ್ತಿದ್ದದ್ದು ಒಂದೇ ಮಾತು: “ತಾರೀಕು ನೋಡ್ಕೊಳ್ಳಿ, ಆಮೇಲೆ ನನ್ನ ಬೈಬೇಡಿ.” ಒಂಬತ್ತು ವರ್ಷ ಅವರು ನನ್ನ ಅಕ್ಕನ ಎಡಕ್ಕೆ ಕೂತು ಪ್ರಯಾಣ ಮಾಡಿದರು. ಅಕ್ಕ ತಿರುವಿನಲ್ಲಿ ಬ್ರೇಕ್ ಒತ್ತಿದಾಗಲೆಲ್ಲ ಹಿಂದೆ ಜಾರುವ ಪುಸ್ತಕಗಳ ಪರವಾಗಿ ಅವರೇ ‘ಅಯ್ಯೋ’ ಎನ್ನುತ್ತಿದ್ದರಂತೆ.

ಈಗ ತಮ್ಮ ತಪಾಸಣೆಯ ಬೆಳಿಗ್ಗೆಗೆ ಬರುತ್ತೇನೆ. ಅರ್ಹತಾ ಪತ್ರಕ್ಕೆ ಹೋಗುವ ಮೊದಲು ಗಾಡಿಗಳು ನಮ್ಮಂಥವರ ಅಂಗಡಿಗೆ ಬರುತ್ತವೆ. ನಾವು ಟೈರು ತೊಳೆದು ಕಪ್ಪು ಪಾಲಿಶ್ ಹಚ್ಚುತ್ತೇವೆ. ಅದು ಅಲಂಕಾರ ಮಾತ್ರವೇ? ಸಣ್ಣ ಬಿರುಕುಗಳು ಅದರಲ್ಲಿ ಮುಚ್ಚಿಹೋಗುತ್ತವೆ ಎಂದು ನಮಗೆ ಗೊತ್ತು, ನಮಗೆ ಗೊತ್ತೆಂದು ತಮಗೂ ಗೊತ್ತು. ಆ ದಿನ ನಾನೂ ಹಚ್ಚಿದೆ. ಅಕ್ಕ ಪಕ್ಕದಲ್ಲಿ ನಿಂತು ಹೇಳಿದಳು:

“ಸ್ಟೀರಿಂಗ್ ಸ್ವಲ್ಪ ನಡುಗುತ್ತೆ ಕಣೋ. ಈ ಟೈರ್ ಎಷ್ಟು ಹಳೇದು, ಒಂಚೂರು ನೋಡು.”

“ಹೊಸದರ ಥರಾನೇ ಇದೆಯಲ್ಲ ಅಕ್ಕ. ಗ್ರಿಪ್ ನೋಡು, ಇನ್ನೊಂದೈದು ವರ್ಷ ಯೋಚನೆ ಇಲ್ಲ.”

“ಅದೇನೋ ನಂಬರ್ ಇರುತ್ತೆ ಅಂತಿದ್ದೆ?”

“ಅದು ಒಳಗಡೆ ಪಕ್ಕೇಲಿದೆ. ನಾನೇ ಹಾಕಿದ್ದಲ್ವಾ, ನಂಗೊತ್ತಿಲ್ವಾ?”

ಎಡಗಡೆ ಸೀಟಿನಿಂದ ಮುದ್ರೆ ಮೇಷ್ಟ್ರು ತಲೆ ಹೊರಗೆ ಹಾಕಿದರು. “ಅಲ್ಲಪ್ಪಾ, ತಾರೀಕು ಒಳಗಡೆ ಇದ್ರೆ ಯಾರಿಗೆ ಉಪಯೋಗ? ನಾನೂ ಹಂಗೇ ರಟ್ಟಿನ ಒಳಗಡೆ ಮುದ್ರೆ ಒತ್ತಿದ್ರೆ ಒಂದು ಪುಸ್ತಕಾನೂ ವಾಪಸ್ ಬರಲ್ಲ.” ಮೂವರೂ ನಕ್ಕೆವು. ನಾನು ಅವರಿಗಿಂತ ಜೋರಾಗಿ ನಕ್ಕೆ. ವ್ಯಾನಿನ ಕೆಳಗೆ ಮಲಗಿ ತಲೆಯೆತ್ತಿ ನೋಡಿದ್ದರೆ ಒಂದು ನಿಮಿಷದ ಕೆಲಸ. ಆದರೆ ನಾನೇ ಟೈರು ತೊಳೆದು ನೆಲವೆಲ್ಲ ಒದ್ದೆಯಾಗಿತ್ತು, ಮೈಮೇಲೆ ಅಕ್ಕನೇ ಕೊಡಿಸಿದ ಹೊಸ ಅಂಗಿ ಇತ್ತು. ಅಂಗಿ ಕೊಳೆಯಾದೀತೆಂದು ನಾನು ಮಲಗಲಿಲ್ಲ. ಆ ಅಂಗಿ ಇವತ್ತಿಗೂ ನನ್ನ ಕೋಣೆಯ ಗೂಟದಲ್ಲಿ ಒಂದು ಕಲೆಯೂ ಇಲ್ಲದೆ ನೇತಾಡುತ್ತಿದೆ. ಹಾಕಿಕೊಳ್ಳಲೂ ಆಗುವುದಿಲ್ಲ, ಯಾರಿಗಾದರೂ ಕೊಡಲೂ ಮನಸ್ಸು ಬರುವುದಿಲ್ಲ.

ಅಲ್ಲಿಂದ ಅಕ್ಕನ ಜೊತೆ ನಾನೂ ತಮ್ಮ ಅಂಗಳಕ್ಕೆ ಬಂದೆ. ತಾವು ಚಾವಣಿಯ ಕೆಳಗೆ ಕುರ್ಚಿಯಲ್ಲಿ ಕೂತಿದ್ದಿರಿ. ಸಹಾಯಕರು ಗ್ರಿಪ್‌ನ ಸಾಲಿಗೆ ಅಳತೆಯ ಕಡ್ಡಿ ಇಳಿಸಿ ನೋಡಿದರು, ಬೂಟಿನ ತುದಿಯಿಂದ ಟೈರಿಗೆ ಎರಡು ಸಲ ಒದ್ದರು, “ಗಟ್ಟಿ ಇದೆ ಸಾರ್” ಎಂದರು. ತಾವು ಕೂತಲ್ಲಿಂದಲೇ ಮೊಹರು ಒತ್ತಿದಿರಿ. ಒಂದು ಮಾತು ಕೇಳಲೇ? ಬೂಟಿನಿಂದ ಒದ್ದರೆ ತನ್ನ ವಯಸ್ಸು ಹೇಳುವ ವಸ್ತುವನ್ನು ತಾವು ಬೇರೆಲ್ಲಾದರೂ ಕಂಡಿದ್ದೀರಾ?

ಅಪಘಾತದ ನಾಲ್ಕನೆಯ ದಿನ, ನುಜ್ಜಾದ ವ್ಯಾನನ್ನು ಎಳೆದು ತಂದಿಟ್ಟಿದ್ದ ಬಯಲಿಗೆ ಹೋದೆ. ವ್ಯಾನು ಎಡ ಮಗ್ಗುಲಿಗೆ ಮಲಗಿದ್ದರಿಂದ ಈ ಸಲ ನಾನು ಬಗ್ಗಬೇಕಾಗಲಿಲ್ಲ. ಸಿಡಿದ ಟೈರಿನ ಒಳಪಕ್ಕೆ ಆಕಾಶ ನೋಡುತ್ತಿತ್ತು. ಪಾಲಿಶ್ ತಾಗದ ಆ ಪಕ್ಕೆಯ ತುಂಬ ಬಿರುಕುಗಳು, ನಡುವೆ ನಾಲ್ಕು ಅಂಕಿ: ೩೮೧೩. ಎರಡು ಸಾವಿರದ ಹದಿಮೂರನೆಯ ಇಸವಿಯ ಮೂವತ್ತೆಂಟನೆಯ ವಾರ. ಹತ್ತು ವರ್ಷ ತುಂಬಿತ್ತು. ತಕ್ಷಣ ಎಲ್ಲವೂ ನೆನಪಾಯಿತು. ಸರ್ಕಾರಿ ಉಗ್ರಾಣದಿಂದ ಆ ಟೈರುಗಳು ನನ್ನ ಅಂಗಡಿಗೆ ಬಂದಾಗಲೇ ನಾಲ್ಕು ವರ್ಷ ಹಳೆಯವು. ನನಗೆ ಕಸುಬು ಕಲಿಸಿದ ಯಜಮಾನರ ಪಾಠ ಒಂದಿತ್ತು: “ಹಳೇ ಸ್ಟಾಕ್ ಬಂದ್ರೆ ನಂಬರ್ ಒಳಮುಖ ಮಾಡಿ ಹಾಕು. ಗಿರಾಕಿ ಕಣ್ಣಿಗೆ ಬಿದ್ರೆ ಸುಮ್ನೆ ತಲೆ ತಿಂತಾರೆ.” ಆ ಅಂಕಿ ಇರುವುದು ಟೈರಿನ ಒಂದೇ ಪಕ್ಕೆಯಲ್ಲಿ. ಒಳಕ್ಕೆ ತಿರುಗಿಸಿದರೆ ಗಾಡಿಯ ಕೆಳಗೆ ಮಲಗುವವರಿಗಷ್ಟೇ ಕಾಣುತ್ತದೆ. ಅಕ್ಕನ ವ್ಯಾನು ಎಂದು ಗೊತ್ತಿದ್ದೂ ನನ್ನ ಕೈ ಅದನ್ನು ಒಳಕ್ಕೆ ತಿರುಗಿಸಿತು. ಮೋಸ ಮಾಡಬೇಕೆಂದು ಮಾಡಿದ್ದಲ್ಲ, ರೂಢಿಯ ಮೇಲೆ ಮಾಡಿದ್ದು. ಅದರಿಂದ ಏನೂ ವ್ಯತ್ಯಾಸವಾಗಲಿಲ್ಲ.

ಇನ್ನು ತಮ್ಮ ವಿಚಾರಣೆ. ಉದ್ದನೆಯ ಮೇಜು, ಮೂರು ಜನ ಅಧಿಕಾರಿಗಳು, ಹೊರಪಕ್ಕೆಯ ಫೋಟೋ ಮಾತ್ರ ಇದ್ದ ಕಡತ. ಅಕ್ಕ ಅವರ ಮುಂದೆ ಹೇಳಿದ್ದು, “ನಂದೇ ತಪ್ಪಿರಬಹುದು ಸಾರ್, ನಾನು ಎಡಕ್ಕೆ ತಿರುಗಿಸಿದೆನೋ ಬಲಕ್ಕೋ ನೆನಪೇ ಬರ್ತಿಲ್ಲ.” ಅವಳ ಅಳುಕನ್ನು ತಮ್ಮವರು ತಪ್ಪೊಪ್ಪಿಗೆ ಎಂದು ಬರೆದುಕೊಂಡರು. ಆಮೇಲೆ ನನ್ನನ್ನು ಕರೆದರು. “ಟೈರ್ ಹೇಗಿತ್ತು?” ಎಂದು ಕೇಳಿದರು. ಬಯಲಿನಲ್ಲಿ ಕಂಡದ್ದನ್ನು ಹೇಳಲು ನನ್ನ ಬಾಯಿ ತೆರೆದದ್ದು ನಿಜ. ಹೊರಬಂದದ್ದು ಮಾತ್ರ “ಚೆನ್ನಾಗಿತ್ತು ಸಾರ್” ಎಂಬ ಮಾತು. ಅಂಗಡಿ ಹೋದೀತು ಎಂಬ ಭಯ, ಜೈಲಿನ ಭಯ, ಅಕ್ಕನ ಮುಖ ನೋಡುವ ಭಯ. ತಮ್ಮ ವರದಿಯಲ್ಲಿ ಆ ‘ತೃಪ್ತಿಕರ’ ಎಂಬ ಪದ ಬಂದದ್ದು ನನ್ನ ಬಾಯಿಂದ. ತಮ್ಮ ಮೇಲೆ ಬೆರಳು ತೋರಿಸುತ್ತಿರುವಾಗ ಇದನ್ನು ಮುಚ್ಚಿಟ್ಟರೆ ನನಗೂ ತಮ್ಮ ಸಹಾಯಕರಿಗೂ ಏನು ವ್ಯತ್ಯಾಸ?

ಅಲ್ಲಿಂದಾಚೆ ನನಗೆ ನೆಮ್ಮದಿಯಿಲ್ಲ. ದಾರಿಯಲ್ಲಿ ಜನರ ಮುಖ ಕಾಣುವುದಿಲ್ಲ, ಅಂಕಿಗಳು ಕಾಣುತ್ತವೆ. ಆಂಬುಲೆನ್ಸ್ ಸದ್ದು ಮಾಡಿಕೊಂಡು ಹೋದರೆ ಒಳಗಿನ ರೋಗಿಗಿಂತ ಮೊದಲು ಅದರ ಚಕ್ರದ ಚಿಂತೆ. ಶಾಲೆಯ ವ್ಯಾನು ಸಿಗ್ನಲ್ಲಿನಲ್ಲಿ ನಿಂತರೆ ನಾನು ರಸ್ತೆಯಲ್ಲೇ ಕುಕ್ಕರಗಾಲಲ್ಲಿ ಕೂರುತ್ತೇನೆ, ಹಿಂದಿನವರು ಹಾರ್ನ್ ಹೊಡೆದು ಬೈಯುತ್ತಾರೆ. ಅಪಘಾತದ ದಿನ ರಸ್ತೆ ತುಂಬ ಚೆಲ್ಲಿದ ಪುಸ್ತಕಗಳನ್ನು ಜನ ಎತ್ತಿಕೊಂಡು ಹೋಗಿದ್ದರು. ಅವು ಈಗಲೂ ಒಂದೊಂದಾಗಿ ಅಕ್ಕನ ಮನೆ ಬಾಗಿಲಿಗೆ ಬರುತ್ತವೆ. ಹೋದ ತಿಂಗಳು ಒಬ್ಬ ಅಜ್ಜಿ ಬಂದು, “ತಡ ಆಯ್ತಮ್ಮ, ತಪ್ಪು ತಿಳ್ಕೋಬೇಡ” ಎಂದು ಒಂದು ಪುಸ್ತಕ ಕೊಟ್ಟು ಹೋದರು. ಅಕ್ಕ ಅದನ್ನು ತೆರೆದಳು. ಕೊನೆಯ ಮುದ್ರೆ ನಮ್ಮ ಮೇಷ್ಟ್ರ ಕೈಯದು, ನೇರಳೆ ಮಸಿಯಲ್ಲಿ, ಸ್ವಲ್ಪವೂ ಓರೆಯಾಗದೆ. ಅವಳು ಅದರ ಮೇಲೆ ಬೆರಳಾಡಿಸಿದಳು. ಆಮೇಲೆ ದಿನವೂ ಕೇಳುವುದನ್ನೇ ಮತ್ತೆ ಕೇಳಿದಳು, “ಎಡಕ್ಕೆ ತಿರುಗಿಸಿದ್ನೇನೋ ನಾನು?” ತಟ್ಟೆ ಒರೆಸುವಾಗ ಅವಳ ಕೈ ತಟ್ಟೆಯನ್ನು ಸ್ಟೀರಿಂಗಿನಂತೆ ಮೆಲ್ಲಗೆ ಬಲಕ್ಕೆ ತಿರುಗಿಸುತ್ತದೆ. ನಾನು ನೋಡಿಯೂ ನೋಡದವನಂತೆ ಎದ್ದು ಹೊರಗೆ ಹೋಗುತ್ತೇನೆ.

ಮೊನ್ನೆ ಮಧ್ಯಾಹ್ನ ವರದಿಯ ಪ್ರತಿ ತೆಗೆದುಕೊಳ್ಳಲು ತಮ್ಮ ಕಚೇರಿಗೆ ಬಂದಿದ್ದೆ. ಮೆಟ್ಟಿಲ ಪಕ್ಕ ತಮ್ಮ ಬಿಳಿ ಗಾಡಿ ನಿಂತಿತ್ತು. ನಾನು ಅದರ ಕೆಳಗೆ ಮಲಗಿದೆ. ಕಾವಲುಗಾರ ಓಡಿ ಬಂದ.

“ಏನ್ರೀ, ಏನಾದ್ರೂ ಬಿದ್ದೋಯ್ತಾ?”

“ಇಲ್ಲಪ್ಪ, ಓದ್ತಿದೀನಿ.”

“ಗಾಡಿ ಕೆಳಗೇನ್ರೀ ಓದೋದು?”

ತಮ್ಮ ಮುಂದಿನ ಎಡಗಡೆಯ ಟೈರು, ಮಾನ್ಯರೇ, ಒಳಪಕ್ಕೆಯಲ್ಲಿ, ೧೯೧೪. ಹದಿನಾಲ್ಕನೆಯ ಇಸವಿಯ ಹತ್ತೊಂಬತ್ತನೆಯ ವಾರ, ಹನ್ನೊಂದು ವರ್ಷ ಕಳೆದಿದೆ. ನನ್ನ ಕಸುಬಿನ ಇನ್ನಾವನೋ ತನ್ನ ರೂಢಿಯ ಮೇಲೆ ಒಳಕ್ಕೆ ತಿರುಗಿಸಿದ್ದಾನೆ. ಗ್ರಿಪ್ ಚೆನ್ನಾಗಿದೆ, ಪಾಲಿಶ್ ಇನ್ನೂ ಚೆನ್ನಾಗಿದೆ. ತಮ್ಮ ಮೇಲಿನ ಸಿಟ್ಟಿಗೆ ಸುಮ್ಮನಿದ್ದುಬಿಡೋಣ ಎಂದು ಒಂದು ಗಳಿಗೆ ಅನ್ನಿಸಿದ್ದನ್ನು ಒಪ್ಪಿಕೊಳ್ಳುತ್ತೇನೆ. ಹಿಂದಿನ ಸೀಟಿನಲ್ಲಿ ಒಂದು ಪುಟ್ಟ ಚಪ್ಪಲಿ ಬಿದ್ದಿತ್ತು. ಆ ಟೈರನ್ನು ಇವತ್ತೇ ಬದಲಾಯಿಸಿ. ನನ್ನ ಅಂಗಡಿಯಲ್ಲಿ ಬೇಡ, ಎಲ್ಲಾದರೂ ಸರಿ.

ನಾನು ಕೇಳುವುದು ಹೆಚ್ಚೇನಲ್ಲ. ಅರ್ಹತಾ ಪತ್ರದಲ್ಲಿ ಪ್ರತಿ ಟೈರಿನ ಆ ನಾಲ್ಕು ಅಂಕಿಗಳನ್ನು ಬರೆಯಿರಿ. ಅಂಕಿ ಹೊರಮುಖವಾಗಿಲ್ಲದ ಗಾಡಿಯನ್ನು ಹಿಂದಕ್ಕೆ ಕಳಿಸಿ. ಓಡಿದ ದೂರದ ನಿಯಮದ ಪಕ್ಕದಲ್ಲಿ ವಯಸ್ಸಿನ ನಿಯಮ ಸೇರಿಸಿ. ಎಲ್ಲಕ್ಕಿಂತ ಮೊದಲು ಆ ವರದಿಯಿಂದ ‘ಚಾಲಕಿಯ ಅಜಾಗರೂಕತೆ’ ಎಂಬುದನ್ನು ಹೊಡೆದುಹಾಕಿ, ನನ್ನ ಸಾಕ್ಷಿ ಸುಳ್ಳೆಂದು ಬರೆದು ನನ್ನನ್ನು ಕರೆಸಿ. ಸೋಮವಾರ ಬೆಳಿಗ್ಗೆ ಹತ್ತಕ್ಕೆ ತಮ್ಮ ಬಾಗಿಲಲ್ಲಿರುತ್ತೇನೆ. ಸಿಡಿದ ಟೈರು ನನ್ನ ಅಂಗಡಿಯ ಹಿಂದಿದೆ, ಗುಜರಿಗೆ ಹೋಗದ ಹಾಗೆ ನಾನೇ ತಂದಿಟ್ಟುಕೊಂಡಿದ್ದೆ. ಅದನ್ನೂ ತರುತ್ತೇನೆ.

ಇದನ್ನು ತಮಗೆ ಲಕೋಟೆಯಲ್ಲಿ ಕಳಿಸಬಹುದಿತ್ತು. ಪತ್ರಿಕೆಗೆ ಕೊಟ್ಟದ್ದು ಏಕೆಂದರೆ ನನ್ನ ಅಕ್ಕ ಪತ್ರಿಕೆಯನ್ನು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಬಿಡದೆ ಓದುತ್ತಾಳೆ. ಎದುರು ಕೂತು ಹೇಳಲು ಒಂದು ವರ್ಷ ಎರಡು ತಿಂಗಳು ಪ್ರಯತ್ನಪಟ್ಟು ಸೋತೆ. ತಾವು ಓದಿ ಮಡಿಸಿಟ್ಟರೂ ಅವಳಂತೂ ಇಲ್ಲಿಯವರೆಗೆ ಬರುತ್ತಾಳೆ.

ಅಕ್ಕಾ, ಗೋಡೆಯ ಹತ್ತಿರ ರಸ್ತೆ ಮೇಲಿನ ಟೈರಿನ ಗುರುತನ್ನು ನಾನು ಕಣ್ಣಾರೆ ನೋಡಿದೀನಿ. ನೀನು ಬಲಕ್ಕೇ ತಿರುಗಿಸಿದ್ದೆ.

ಇಂತಿ,
ಹೊಸ ಅಂಗಿಯ ಆಸೆಗೆ ಆ ದಿನ ನೆಲಕ್ಕೆ ಬೆನ್ನು ತಾಗಿಸದ
ಟೈರು ಹಾಕುವವನು,
ಅವಳ ತಮ್ಮ