ಕರುವಿಗೆ ಕೊಟ್ಟ ಉತ್ತರ

ಜನವರಿ 6, ಮಂಗಳವಾರ

ಎರಡು ಡಬ್ಬಿ, ಎರಡು ಬಾಟಲಿ, ಒಂದೇ ಸಾಕ್ಸ್. ಇನ್ನೊಂದು ಸಿಗಲೇ ಇಲ್ಲ. ಅತ್ತೆ ಇದ್ದಿದ್ದರೆ ಸಿಗುತ್ತಿತ್ತು — ಇದನ್ನು ನಿಲೇಶ ಬಾಯಿಬಿಟ್ಟು ಹೇಳಲಿಲ್ಲ. ಮುಖದಲ್ಲೇ ಹೇಳಿ ಅಂಗಡಿಗೆ ಹೋದರು.

ಅತ್ತೆ ಆರಗದ ಮಗಳ ಮನೆ ಸೇರಿ ಹನ್ನೊಂದು ದಿನ. ನಾನೇನು ಹೊಡೆದೆನೇ, ಬೈದೆನೇ? ನಮ್ಮ ಅನುಜಾ ಮರಾಠಿ ಶಾಲೆಯಲ್ಲಿ ಬಾಯೇ ಬಿಡುವುದಿಲ್ಲ, ಮನೆಯಲ್ಲಿ ಎರಡು ಭಾಷೆ ಆಗಿ ಗೊಂದಲ ಅಂದರು ಟೀಚರ್. ಅದನ್ನೇ ಹೇಳಿದೆ — "ಅತ್ತೀ, ಹುಡುಗರ ಜೋಡಿ ಕನ್ನಡ ಬ್ಯಾಡ್ರಿ, ಮರಾಠೀನ ಮಾತಾಡ್ರಿ."

"ಹಂಗಾರ ನಾ ಮೂಕಿ ಆಗಿ ಕುಂದರ್ಲೇನು?"

ಚೀಲ ತಗೊಂಡರು, ಬಸ್ ಹತ್ತಿದರು. ಫೋನಿಲ್ಲ. ನಾನೂ ಮಾಡುವುದಿಲ್ಲ.

ಜನವರಿ 9, ಶುಕ್ರವಾರ

ಸಾಂಗ್ಲಿಯಲ್ಲಿ ಭಾನುವಾರ ಮಕ್ಕಳ ಸಂಗೀತ ನಾಟಕ. ನಿಲೇಶ ನಾಲ್ಕು ಟಿಕೆಟ್ ತಂದಿದ್ದಾರೆ. ತಾವು ಮಾತ್ರ ಬರುವುದಿಲ್ಲವಂತೆ, ಅಂಗಡಿ.

"ಮತ್ತ ನಾಲ್ಕನೇದು?"

"ಅವ್ವಗ. ಫೋನ್ ಹಚ್ಚು."

"ನಿಮ್ಮವ್ವ. ನೀವ ಹಚ್ಚರಿ."

ಟಿಕೆಟ್ ಫ್ರಿಜ್ ಮೇಲೆ ಬಿದ್ದಿದೆ.

ಜನವರಿ 11, ಭಾನುವಾರ. ಸಂಜೆ 7.30

ಸಾಕಪ್ಪಾ ಸಾಕು.

ಮಕ್ಕಳ ನಾಟಕವಂತೆ — ಎರಡೂವರೆ ತಾಸು! ಬಾಗಿಲು ತೆಗಿ ಅನ್ನುವುದಕ್ಕೂ ಹತ್ತು ನಿಮಿಷ ಆಲಾಪ. ತೆಗೆಯುವವನೂ ಹಾಡಿಯೇ ತೆಗೆದ. ಮೂರು ವರ್ಷದ ಸೌರಭನಿಗೆ ನಾಂದಿ ಶುರುವಾಗುತ್ತಲೇ ಒಂದಕ್ಕೆ ಬಂತು. ಹನ್ನೆರಡು ಜನರ ಕಾಲು ತುಳಿದು ಹೊರಗೆ, ಮತ್ತೆ ತುಳಿದು ಒಳಗೆ. ಬಂದವನೇ ಅತ್ತೆಯ ಖಾಲಿ ಕುರ್ಚಿ ಹತ್ತಿ ಕುಣಿತ.

ಆಮೇಲೆ ಕರು ಬಂತು. ತಾಯಿಯಿಂದ ತಪ್ಪಿಹೋದ ಕರು, ಹಗ್ಗದ ಬಾಲ. "ಮಾಝೀ ಆಯೀ ಕುಠೇ ಗೇಲೀ?" — ನನ್ನ ತಾಯಿ ಎಲ್ಲಿ ಹೋದಳು ಅಂತ ಹಾಡು. ಮರಾಠಿಯಲ್ಲಿ ಆಯಿ ಅಂದರೆ ತಾಯಿ. ನಮ್ಮ ಮನೆಯಲ್ಲಿ ನಾನು ಮಮ್ಮಿ, ಆಯಿ ಅಂದರೆ ಅಜ್ಜಿ.

ಅನುಜಾ ಎದ್ದು ನಿಂತಳು.

"ಆಯಿ ಆರಗಕ್ಕ ಹೋಗ್ಯಾಳ! ಮಮ್ಮಿ ಕನ್ನಡ ಬ್ಯಾಡ ಅಂದ್ಳು, ಅದಕ್ಕ!"

ಅರ್ಧ ಥಿಯೇಟರಿಗೆ ಕನ್ನಡ ಬರುತ್ತದೆ. ನಕ್ಕಿದ್ದೇ ನಕ್ಕಿದ್ದು. ಮುಂದಿನ ಸಾಲಿನಲ್ಲಿ ನಮ್ಮ ಓಣಿಯ ಸುಮನ ಕಾಕು — ಪೂರ್ತಿ ಹಿಂದಕ್ಕೆ ತಿರುಗಿ ಕೂತರು. ಹಾಡು ಮುಗಿಯಿತು, ಬದುಕಿದೆ ಅಂದುಕೊಂಡೆ. ಅಷ್ಟರಲ್ಲಿ ಹಿಂದಿನಿಂದ ಯಾರೋ ಮುದುಕರು — "ವನ್ಸ್ ಮೋರ್!" ಸಂಗೀತ ನಾಟಕದ ರೂಢಿ, ಕೇಳಿದರೆ ಮತ್ತೆ ಹಾಡಲೇಬೇಕು. ಕರು ಮತ್ತೆ ಕೇಳಿತು. ಅನುಜಾ ಮತ್ತೆ ಹೇಳಿದಳು, ಇನ್ನೂ ಜೋರಾಗಿ.

ಭೂಮಿ ಬಾಯಿ ಬಿಡಬಾರದೇ...

ರಿಕ್ಷಾದಲ್ಲಿ ಇಬ್ಬರೂ ನಿದ್ದೆ, ನನಗೆ ಸಿಟ್ಟು. ಮಿರಜ ಬಂದಾಗ ಹೊಳೆಯಿತು — ಶಾಲೆಯಲ್ಲಿ ತುಟಿಪಿಟಕ್ಕೆನ್ನದ ಹುಡುಗಿ ಅಷ್ಟು ಜನರ ಮುಂದೆ ಮಾತಾಡಿದಳು. ಕನ್ನಡದಲ್ಲಿ. ಒಂದೂ ತಪ್ಪಿಲ್ಲ. ಥೇಟ್ ಅತ್ತೆಯ ರಾಗ. ಹೆಮ್ಮೆ ಆಯಿತು, ಆಮೇಲೆ ಬಹಳ ನಾಚಿಕೆ ಆಯಿತು.

ಜನವರಿ 12, ಸೋಮವಾರ. ಬೆಳಿಗ್ಗೆ 10

ಫೋನ್ ಹಚ್ಚಿದೆ. ನಾನೇ. ತಪ್ಪಾಯಿತು ಅನ್ನಲು ಬಾಯಿ ತೆಗೆದರೆ —

"ನಾಟಕದಾಗ ನನ್ನ ಸುದ್ದಿ ಬಂತಂತಲ್ಲ?"

ಸುಮನ ಕಾಕು ನನಗಿಂತ ಮೊದಲೇ ಹಚ್ಚಿದ್ದರು!

"ಹುಡುಗಿ ಏನಂದ್ಲು? ಅಕೀ ಅಂದಂಗ ಹೇಳು."

ಹೇಳಿದೆ. ಆಯಿ ಆರಗಕ್ಕ ಹೋಗ್ಯಾಳ, ಮಮ್ಮಿ ಕನ್ನಡ ಬ್ಯಾಡ ಅಂದ್ಳು, ಅದಕ್ಕ. ಆ ಕಡೆ ಮೂಗು ಸೊರ್ ಅಂದಿದ್ದು ಕೇಳಿತು.

"ವನ್ಸ್ ಮೋರ್," ಅಂದರು ಅತ್ತೆ.

ಮತ್ತೆ ಶುರು ಮಾಡಿದೆ. ಆಯಿ ಆರಗಕ್ಕ ಹೋಗ್ಯಾಳ... ಮಮ್ಮಿ ಅನ್ನುವಷ್ಟಕ್ಕೆ ನಿಲ್ಲಿಸಿ ಅಂದೆ — "ಮಮ್ಮೀದು ತಪ್ಪಾತ್ರಿ ಅತ್ತೀ. ಮನಿಗೆ ಬರ್ರಿ, ಕನ್ನಡಾನ ಮಾತಾಡ್ರಿ."