ಹೊಟ್ಟೆ ನನ್ನದು

ಅನುಗೊಂಡನಹಳ್ಳಿ
೧೨-೭-೨೦೨೫

ಮಗಳು ರಂಜಿತಳಿಗೆ,

ನಿನಗೂ ಕೂಸಿಗೂ ನನ್ನ ಆಶೀರ್ವಾದ. ಅಷ್ಟು ಬಿಟ್ಟರೆ ಈ ಕಾಗದದಲ್ಲಿ ಇರುವುದೆಲ್ಲ ಬೈಗುಳವೇ. ಫೋನಿನಲ್ಲಿ ಬೈಯಲು ಹೋದರೆ ನೀನು ಅಳುತ್ತೀಯ, ನಾನು ಸುಮ್ಮನಾಗಿಬಿಡುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ.

ಹೋದ ತಿಂಗಳು ರಕ್ತ ವಾಂತಿಯಾಗಿ ನನಗೆ ಆಪರೇಷನ್ ಆಯಿತಲ್ಲ, ಆಗ ನೀನೂ ನಿನ್ನ ಅಣ್ಣ ಅಂಬರೀಶನೂ ಏನಂದಿರಿ? ಹೊಟ್ಟೆಯಲ್ಲಿ ಹುಣ್ಣಿತ್ತು, ಕೊಯ್ದು ತೆಗೆದರು, ಇನ್ನೇನೂ ಇಲ್ಲ ಅಂದಿರಿ. ನಂಬಿದೆ. ನಿಂಬೆಹಣ್ಣಿನಷ್ಟು ಮುದ್ದೆಗೇ ಹೊಟ್ಟೆ ಬಿರಿಯುವಂತಾದರೂ, ಹುಣ್ಣು ಮಾಯುತ್ತಿದೆ ಅಂದುಕೊಂಡೆ.

ಮೊನ್ನೆ ಪಕ್ಕದ ಮನೆ ಮಾರಕ್ಕ ಎಳನೀರು ತಂದವಳು ನನ್ನ ಕೈ ಹಿಡಿದುಕೊಂಡು, "ಕ್ಯಾನ್ಸರ್ ಅಂತಲ್ಲವ್ವ ಪಾಪಮ್ಮ, ಎಂಗ್ ತಡ್ಕೊಂಡಿದೀಯೆ?" ಅಂದಳು. ಹಾಲಿನ ಡೈರಿಯವರಿಗೂ ಗೊತ್ತಂತೆ. ಊರಿಗೆಲ್ಲ ಗೊತ್ತು, ಹೊಟ್ಟೆ ಕೊಯ್ಯಿಸಿಕೊಂಡವಳಿಗೆ ಗೊತ್ತಿಲ್ಲ. ನಾಚಿಕೆಯಾಗಲಿಲ್ಲವಾ ನಿಮಗೆ?

ನಿನ್ನೆ ಫೈಲು ಹಿಡಿದು ಒಬ್ಬಳೇ ಬಸ್ಸು ಹತ್ತಿ, ಆಪರೇಷನ್ ಮಾಡಿದ ಡಾಕ್ಟರನ್ನೇ ಹೋಗಿ ಕೇಳಿದೆ. ಅದರ ಹೆಸರು ಲಿಂಫೋಮಾ ಅಂತೆ. ರಕ್ತ ನಿಲ್ಲಲಿಲ್ಲವೆಂದು ಅರ್ಧಕ್ಕಿಂತ ಹೆಚ್ಚು ಹೊಟ್ಟೆ ತೆಗೆದರಂತೆ. ಕೊಯ್ದರಷ್ಟೇ ಸಾಲದು, ಆರು ಸಲ ಕೀಮೋ ಕೊಡಬೇಕು, ವಾಸಿಯಾಗುವ ಕಾಯಿಲೆ ಅಂದರು. ಆಮೇಲೆ ಒಂದು ಮಾತು ಹೇಳಿದರು ನೋಡು, ಮೈಯೆಲ್ಲ ಉರಿದುಹೋಯಿತು. "ನಿಮ್ಮ ಮಕ್ಳು ಕೀಮೋ ಬೇಡ ಅಂತ ಸೈನ್ ಹಾಕ್ಕೊಟ್ಟು ಹೋದ್ರಲ್ಲಮ್ಮ."

ಕೂದಲು ಉದುರುತ್ತೆ, ಅಮ್ಮ ತಡೆಯಲ್ಲ ಅಂತ ನೀವೇ ತೀರ್ಮಾನ ಮಾಡಿಬಿಟ್ಟಿರಂತೆ. ಐವತ್ತೆಂಟಕ್ಕೇ ನನ್ನನ್ನು ಸಾಯಲು ಬಿಡಲು ನೀವ್ಯಾರು? ನಿಮ್ಮಪ್ಪ ಹೋದ ಮೇಲೆ ಹಿಪ್ಪುನೇರಳೆ ಸೊಪ್ಪು ಹೊತ್ತು, ರೇಷ್ಮೆ ಹುಳು ಮೇಯಿಸಿ ನಿಮ್ಮಿಬ್ಬರನ್ನೂ ಸಾಕಿದ ಹೆಂಗಸು ಸೂಜಿಗೆ ಹೆದರುತ್ತಾಳಾ? ಒಂದು ಮಾತು, ಒಂದೇ ಒಂದು ಮಾತು ನನ್ನನ್ನು ಕೇಳಬಾರದಿತ್ತಾ?

ಅದೇ ಹಾಳೆಯ ಕೆಳಗೆ "ಬೇಕು" ಅಂತ ಬರೆದು ನಾನೇ ಸೈನು ಹಾಕಿ ಬಂದಿದ್ದೇನೆ. ಬರುವ ಶುಕ್ರವಾರ ಮೊದಲನೆಯ ಕೀಮೋ. ಅಂಬರೀಶ ಮುಖ ಊದಿಸಿಕೊಂಡಿದ್ದಾನೆ. ಊದಿಸಿಕೊಳ್ಳಲಿ.

ಇಂತಿ, ಇನ್ನೂ ಬದುಕಬೇಕೆಂದಿರುವ ನಿನ್ನ ಅಮ್ಮ,
ಪಾಪಮ್ಮ

ಕವರು ಅಂಟಿಸುವ ಮುಂಚೆ ಇನ್ನೊಂದು: ಶುರುವಾಗಿದ್ದು ಯಾವಾಗ ಅಂತ ಡಾಕ್ಟರು ಕೇಳಿದರು. ಜೂನ್ ಅಂದೆ. ಸುಳ್ಳು. ನಿನ್ನ ಬಾಣಂತನದಲ್ಲೇ ನನಗೆ ಟಾರಿನ ಹಾಗೆ ಕಪ್ಪಗೆ ಭೇದಿಯಾಗುತ್ತಿತ್ತು. ಹೇಳಿದ್ದರೆ ನನಗೆ ಭಾರವಾಗಬಾರದೆಂದು ನೀನು ಹಸಿಗೂಸನ್ನು ಎತ್ತಿಕೊಂಡು ಅತ್ತೆ ಮನೆಗೆ ಹೊರಟುಬಿಡುತ್ತಿದ್ದೆ. ಮೂರು ತಿಂಗಳು ಮುಚ್ಚಿಟ್ಟೆ. ಇದನ್ನು ಡಾಕ್ಟರ ಮುಂದೆ ಒಬ್ಬಳೇ ಹೇಳಲಾರೆ. ಶುಕ್ರವಾರ ಬಾ.