ಮೆಟ್ಟುಪಾಳ್ಯದಲ್ಲಿ ಶ್ರೀಲಂಕಾ ತಾಲೀಮು

ಜನವರಿ 19, ಭಾನುವಾರ

ಹೊಲದ ಕ್ಯಾರೆಟ್ ಕಿತ್ತು ತೊಳೆಯಲು ಕಳಿಸಿದ್ದಾಯಿತು. ಪಾಸ್‌ಪೋರ್ಟ್ ಇನ್ನೊಮ್ಮೆ ತೆಗೆದು ನೋಡಿದೆ. ಫೋಟೋದಲ್ಲಿ ಹೆದರಿದ ಕೋಳಿಯ ಹಾಗಿದ್ದೇನೆ.

ನಮ್ಮ ಬೆಟ್ಟದ ಸೋಲೂರು ಬಸ್ಸು ತಿರುವಿನಲ್ಲಿ ವಾಲಿದರೇ ಎದೆ ಹಿಡಿದುಕೊಳ್ಳುವವಳು ನಾನು. ಶ್ರೀಲಂಕಾಕ್ಕೆ ಹೋಗಲು ಒಪ್ಪಿದ್ದು ಪಕ್ಕದ ಮನೆ ತೇನ್ಮೊಳಿಗೋಸ್ಕರ. ಅವಳು ಹುಟ್ಟಿದ್ದು ಅಲ್ಲಿಯ ಟೀ ಎಸ್ಟೇಟಿನಲ್ಲಿ. ಎಂಟು ವರ್ಷದವಳಿದ್ದಾಗ, ಎಸ್ಟೇಟಿನ ತಮಿಳರನ್ನು ಭಾರತಕ್ಕೆ ವಾಪಸ್ ಕಳಿಸಿದ ಕಾಲದಲ್ಲಿ, ಅಪ್ಪ ಅಮ್ಮನ ಜೊತೆ ಹಡಗು ಹತ್ತಿ ಈ ಕಡೆ ಬಂದಳು. ಮದುವೆಯಾಗಿದ್ದ ಅಕ್ಕ ಮಲರ್‌ಕೊಡಿ ಅಲ್ಲೇ ಉಳಿದಳು. ಆಮೇಲೆ ಮುಖ ನೋಡಿಲ್ಲ, ಫೋನಿನಲ್ಲಿ ಮಾತು ಮಾತ್ರ. ಈಗ ಆ ಅಕ್ಕನಿಗೆ ಕಣ್ಣು ಮಂಜಾಗುತ್ತಿದೆಯಂತೆ. ಪೂರ್ತಿ ಹೋಗುವ ಮೊದಲು ಬಾ ಅನ್ನುತ್ತಾಳೆ. ತೇನ್ಮೊಳಿ ಒಬ್ಬಳೇ ಹೋಗಲಾರಳು.

ಜನವರಿ 27

ಡಾಕ್ಟರಮ್ಮನನ್ನು ಕೇಳಿದೆ. ಸೊಳ್ಳೆಗೆ ಮುಲಾಮು, ಕುದಿಸಿದ ನೀರು, ಬಿಪಿ ಮಾತ್ರೆ ಕೈಚೀಲದಲ್ಲೇ ಇರಲಿ ಅಂದರು. ಇನ್ಶೂರೆನ್ಸೂ ಆಯಿತು. ಆದರೆ ಸೆಕೆ? ತಾತನ ಕಾಲಕ್ಕೇ ಗುಂಡ್ಲುಪೇಟೆ ಬಿಟ್ಟು ಬೆಟ್ಟಕ್ಕೆ ಬಂದವರು ನಾವು. ನನಗೆ ಗೊತ್ತಿರುವುದು ಚಳಿ ಒಂದೇ. ಮನೆಯಲ್ಲಿ ಫ್ಯಾನೂ ಇಲ್ಲ.

"ಅಲ್ಲಿ ಹೆಂಗಿರ್ತದೆ ತೇನು?"

"ಮರಳು ಅಕ್ಕಾ. ಕಾಲಿಟ್ರೆ ಸುಡೋ ಮರಳು. ಬೆವರು ಇಳೀತಾನೇ ಇರೋದು. ಅದೊಂದೇ ಜ್ಞಾಪಕ."

ಆಯಿತಲ್ಲ! ಮೊದಲು ಬೆಟ್ಟದ ಬುಡದ ಮೆಟ್ಟುಪಾಳ್ಯದ ಲಾಡ್ಜಿನಲ್ಲಿ ಎರಡು ದಿನ ಇದ್ದು ಅಭ್ಯಾಸ ಮಾಡಿಕೊಳ್ಳೋಣ ಅಂದೆ. ನಮ್ಮ ಯಜಮಾನರಿಗೆ ನಗು ತಡೆಯಲಿಲ್ಲ. "ಶ್ರೀಲಂಕಾಕ್ಕೆ ರಿಹರ್ಸಲ್ಲಾ? ವಾಪಸ್ ಬರೋವಾಗ ವೀಸಾ ಕೇಳ್ತಾರೆ, ನೋಡ್ಕೊ ಅಮ್ಮಿ!"

ಫೆಬ್ರವರಿ 8, ಮಧ್ಯಾಹ್ನ — ಮೆಟ್ಟುಪಾಳ್ಯ

ಫೆಬ್ರವರಿಯಲ್ಲೇ ಹೀಗೆ! ತಲೆಯ ಮೇಲೆ ಫ್ಯಾನು ಗಡಗಡ ಅಲ್ಲಾಡುತ್ತಿದೆ. ಮಂಚ ಬಿಟ್ಟು ಮೂಲೆಗೆ ಚಾಪೆ ಎಳೆದುಕೊಂಡೆ.

"ಅದು ಬೀಳಲ್ಲ ಅಕ್ಕಾ."

"ಬಿದ್ರೆ?"

"ಬಿದ್ರೆ ನನ್ ಮೇಲೆ. ನೀವು ಹೋಗಿ ನಮ್ಮಕ್ಕನ್ನ ನೋಡ್ಕೊಂಡ್ ಬನ್ನಿ."

ನಕ್ಕು ನಕ್ಕು ಇಬ್ಬರಿಗೂ ಕಣ್ಣೀರು. ಆದರೂ ಮೂಲೆ ಬಿಡಲಿಲ್ಲ. ಉಸಿರು ಕಟ್ಟುತ್ತಿದೆ...

ಫೆಬ್ರವರಿ 9

ಮೈಯೆಲ್ಲ ಬೆವರುಸಾಲೆ. ಮೊದಲ ಬಸ್ಸಿಗೇ ಹತ್ತಿ ಬಂದುಬಿಟ್ಟೆವು. ನನ್ನಿಂದಾಗದು ಎಂದು ಹೇಳಿಬಿಟ್ಟೆ. "ಪರವಾಗಿಲ್ಲ ಅಕ್ಕಾ" ಅಂದಳು. ಅಷ್ಟೇ. ಬೈದಿದ್ದರೂ ಚೆನ್ನಾಗಿತ್ತು.

ಫೆಬ್ರವರಿ 23

ಬರೆಯಲು ಮನಸ್ಸೇ ಇರಲಿಲ್ಲ.

ಇವತ್ತು ಸೊಪ್ಪು ಕೊಡಲು ಅವಳ ಮನೆಗೆ ಹೋದೆ. ಬಾಗಿಲಿಗೆ ಬೆನ್ನು ಹಾಕಿ ಅಕ್ಕನ ಜೊತೆ ಫೋನಿನಲ್ಲಿದ್ದಳು. "ಮಂಡಿ ಸರಿಯಿಲ್ಲ ಅಕ್ಕಾ, ಮುಂದಿನ ವರ್ಷ ನೋಡೋಣ." ಯಾವ ಮಂಡಿ? ದಿನಾ ಟೀ ಎಲೆ ಚೀಲ ಹೊತ್ತು ಗುಡ್ಡ ಹತ್ತುವ ಮಂಡಿ! ನನ್ನ ಪುಕ್ಕಲುತನವನ್ನು ತನ್ನ ಮಂಡಿಗೆ ಕಟ್ಟಿಕೊಂಡಿದ್ದಾಳೆ.

ಫೋನು ಕಿತ್ತುಕೊಂಡೆ. ಸ್ಪೀಕರ್ ಹಾಕಿದೆ. "ಇವಳ ಮಂಡಿ ಕಲ್ಲಿನಂಗದೆ. ಸೆಕೆಗೆ ಹೆದರಿದವಳು ನಾನು" ಎಂದೆ.

ಮಲರ್‌ಕೊಡಿಗೆ ಅರ್ಥವೇ ಆಗಲಿಲ್ಲ. "ಸೆಕೆಯಾ? ಇಲ್ಲಿ ಬೆಳಿಗ್ಗೆ ಸ್ವೆಟರ್ ಇಲ್ದೆ ಆಚೆ ಬರೋಕಾಗಲ್ಲಮ್ಮ. ನಮ್ದೂ ಬೆಟ್ಟಾನೇ."

"ಮರಳು ಅಂದ್ಳಲ್ಲ ಇವಳು?"

ಮಲರ್‌ಕೊಡಿಗೆ ಈಗ ಹೊಳೆಯಿತು.

"ಅದು ಮನ್ನಾರ್. ಹಡಗಿಗೆ ಕಾಯ್ತಿದ್ದ ಜಾಗ. ಕಳಿಸೋಕೆ ನಾನೂ ಹೋಗಿದ್ದೆ... ಎಲ್ಲಾ ಬಿಟ್ಟು ಅದೊಂದನ್ನೇ ಇಟ್ಕೊಂಡಿದ್ದಾಳಾ?"

ತೇನ್ಮೊಳಿ ಗೋಡೆಗೆ ಒರಗಿಬಿಟ್ಟಳು. ನಾನೇ ಹೇಳಿದೆ — ಬರುತ್ತೇವೆ ಅಂತ.

ಮಾರ್ಚ್ 16 — ಹಟ್ಟನ್, ಬಸ್ ಸ್ಟ್ಯಾಂಡ್

ವಿಮಾನದಲ್ಲಿ ಕಣ್ಣು ಬಿಡಲಿಲ್ಲ. ಕೊಲಂಬೊದ ಸೆಕೆಯೂ ಕಳೆಯಿತು. ಈಗ ಸುತ್ತ ಟೀ, ಚಳಿಗಾಳಿ. ಮಲರ್‌ಕೊಡಿ ಇಲ್ಲಿಗೇ ಬರುತ್ತಾಳಂತೆ. ಕೈ ಸುಮ್ಮನಿರದೆ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಎಷ್ಟೊಂದು ಮುದುಕಿಯರು! ಗುರುತು ಸಿಗದಿದ್ದರೆ? ಆ ಕಣ್ಣಿಗೆ ಇವಳು ಕಾಣದಿದ್ದರೆ? ತೇನ್ಮೊಳಿ ನನ್ನ ತೋಳು ಹಿಂಡುತ್ತಿದ್ದಾಳೆ, ಅಕ್ಷರ ಸೊಟ್ಟಗಾಗುತ್ತಿದೆ. "ಬರ್ತಾಳಾ ಅಕ್ಕಾ?" — ಇದು ಎಷ್ಟನೇ ಸಲವೋ.

ಯಾರೋ "ಪಾಪ್ಪಾ!" ಎಂದು ಕೂಗಿದರು. ಮಗುವನ್ನು ಕರೆಯುವ ಹಾಗೆ. ಇನ್ನೊಮ್ಮೆ. ಇವಳು ಎದ್ದೇಬಿಟ್ಟಳು — ಚಪ್ಪಲಿ ಇಲ್ಲೇ ಬಿಟ್ಟು ಓಡುತ್ತಿದ್ದಾಳೆ, ಎತ್ತಿಕೊಂಡು ನಾನೂ